ಖಂದ್ಮಾಳ ಕೇಳುವ ಕೋಲು

ಖಂದ್ಮಾಳಿಗೆ ಕಿವಿ ಕೇಳುವುದಿಲ್ಲವೆಂದು ಬಯನ್‌ಖೋಶೂ ಗುಡ್ಡದ ಇಡೀ ಓಣಿಗೆ ಗೊತ್ತು. ನೀರು ಮಾರುವ ಗೂಡಂಗಡಿಯ ಸಾಲಿನಲ್ಲಿ ಹಿಂದೆ ನಿಂತವರು ಭುಜ ಮುಟ್ಟಿ ಅವಳನ್ನು ಮುಂದಕ್ಕೆ ಸರಿಸುತ್ತಾರೆ. ಅಂಗಡಿಯ ಹುಡುಗಿ ಬೆಲೆಯನ್ನು ಬೆರಳೆತ್ತಿ ತೋರಿಸುತ್ತಾಳೆ. ಮಗಳು ಸೋಲೊಂಗೊ ಅಮ್ಮನ ಜೊತೆ ಕೂಗಿ ಕೂಗಿ ರೂಢಿಯಾಗಿ, ಈಗ ಯಾರ ಜೊತೆ ಮಾತಾಡಿದರೂ ಗುಡ್ಡದ ಆಚೆಗಿನ ಕುರಿಯನ್ನು ಕರೆಯುವ ಹಾಗೆಯೇ ಮಾತಾಡುತ್ತಾಳೆ. ಖಂದ್ಮಾ ಯಾರನ್ನೂ ತಿದ್ದಲು ಹೋಗುವುದಿಲ್ಲ. ಮನುಷ್ಯರ ಮಾತು ಅವಳಿಗೆ ಮಂಜಿನಾಚೆಯ ದೀಪದಷ್ಟು ಮಸುಕಾಗಿರುವುದು ನಿಜವೇ. ಆದರೆ ಕೇಳುವುದಕ್ಕೆ ಕಿವಿಯೊಂದೇ ದಾರಿ ಎಂದು ನಂಬಿದವರನ್ನು ಕಂಡರೆ ಅವಳಿಗೆ ಒಳಗೊಳಗೇ ನಗು ಬರುತ್ತದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೋಬಿ ಮರುಭೂಮಿಯ ಕಡೆಯಿಂದ ಒಂದು ಬಟ್ಟೆಗಂಟು ಹೊತ್ತು ನಗರಕ್ಕೆ ಬಂದವಳು ಅವಳು. ಉಷ್ಣಸ್ಥಾವರದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮನೆಮನೆಗೆ ಬಿಸಿನೀರು ತಳ್ಳುವ ಏಳು ಪಂಪುಗಳು, ಒಂದೊಂದೂ ಮಲಗಿದ ಒಂಟೆಯಷ್ಟು ದೊಡ್ಡದು. ಮೊದಲ ದಿನವೇ ಹಿರಿಯ ಮೇಸ್ತ್ರಿ ಲುವ್ಸಾನ್ ಅವಳ ಕೈಗೆ ಒಂದು ಮೊಳ ಉದ್ದದ ಬರ್ಚ್ ಮರದ ಕೋಲು ಕೊಟ್ಟ. ಒಂದು ತುದಿಯನ್ನು ಪಂಪಿನ ಮೈಗೆ ಒತ್ತಬೇಕು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು.

"ಏಳೂ ಒಟ್ಟಿಗೆ ಬೊಬ್ಬೆ ಹೊಡೀತಾವೆ, ಮಗಳೇ. ಇಲ್ಲಿ ಕಿವಿ ನಂಬಿದ್ರೆ ಕೆಟ್ಟೆ. ಹಲ್ಲು ನಂಬು," ಎಂದಿದ್ದ ಆತ. "ಕೇಳಿದ್ದನ್ನ ಹೇಳು. ಕೇಳದೇ ಇದ್ದದ್ದನ್ನ ಹೇಳಬೇಡ. ನೀನೇ ತಪ್ಪು ಮಾಡಿದ್ರೆ ಅದನ್ನ ಎಲ್ಲಕ್ಕಿಂತ ಮೊದಲು ಹೇಳು."

ಮೂವತ್ತೊಂದು ವರ್ಷ ಅವಳು ಆ ಕೋಲನ್ನು ಕಚ್ಚಿದಳು. ಗ್ರೀಸು ಒಣಗಿದ ಬೇರಿಂಗಿನ ಕೊರಗು, ಸಡಿಲಾದ ಬೋಲ್ಟಿನ ಹಲುಬು, ನೀರಿನೊಳಗೆ ಗಾಳಿ ಸೇರಿದಾಗಿನ ಗರಗರ, ಎಲ್ಲವೂ ದವಡೆಯ ಮೂಲಕ ತಲೆಯೊಳಗೆ ಬಂದು ಒಂದೊಂದು ಜಾಗದಲ್ಲಿ ಕುಳಿತವು. ಒಂದು ಜನವರಿಯಲ್ಲಿ, ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ, ಹೊಸದಾಗಿ ಬಂದ ಎಂಜಿನಿಯರ್ ಮೂರನೆಯ ಪಂಪಿನ ಬಡಿತ ಕೇಳಿ ಹೆದರಿ ಅದನ್ನು ನಿಲ್ಲಿಸಲು ಹೊರಟಿದ್ದ. ಖಂದ್ಮಾ ಪಂಪಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ನಿಲ್ಲಿಸಿದರೆ ಅರ್ಧ ಊರಿನ ಕೊಳವೆಗಳು ಹೆಪ್ಪುಗಟ್ಟುತ್ತಿದ್ದವು. ಬಡಿತ ಪಂಪಿನದಲ್ಲ, ಪಕ್ಕದ ಮೆಟ್ಟಿಲಿನ ತಗಡಿನದು ಎಂದಳು. ಎಂಜಿನಿಯರ್ ಕೆಂಪಾದ ಮುಖದಲ್ಲೇ ಮೊಣಕಾಲೂರಿ ತಗಡಿನ ಬೋಲ್ಟು ಬಿಗಿದ. ಬಡಿತ ನಿಂತಿತು. ಆ ವರ್ಷ ಅವಳಿಗೊಂದು ಪದಕ ಬಂತು. ವರ್ಷಕ್ಕೊಮ್ಮೆ, ಹೊಸ ವರ್ಷ ತರುವ ಬಿಳಿ ತಿಂಗಳ ಹಬ್ಬದ ಬೆಳಿಗ್ಗೆ, ನೀಲಿ ನಿಲುವಂಗಿಯ ಎದೆಗೆ ಅದನ್ನು ಚುಚ್ಚಿಕೊಳ್ಳುತ್ತಾಳೆ. ಉಳಿದ ದಿನ ಅದು ಸಕ್ಕರೆ ಡಬ್ಬಿಯ ಹಿಂದೆ ಇರುತ್ತದೆ.

ನಿವೃತ್ತಿಯಾದಾಗ ಕಿವಿಯ ಬಹುಪಾಲನ್ನು ಸ್ಥಾವರದಲ್ಲೇ ಬಿಟ್ಟು, ಕೋಲನ್ನು ಮಾತ್ರ ಮನೆಗೆ ತಂದಳು. ಅಷ್ಟು ನುಣುಪಾದ, ಕೈಗೆ ಅಷ್ಟು ಒಗ್ಗಿದ ಕೋಲನ್ನು ಸುಮ್ಮನೆ ಇಡುವುದು ಹೇಗೆ? ಅದು ಲಟ್ಟಣಿಗೆಯಾಯಿತು. ಸೋಲೊಂಗೊ ಬೂಜ್ ಮಾರುವ ವ್ಯಾಪಾರ ಶುರುಮಾಡಿದಾಗಿನಿಂದ ಅದಕ್ಕೆ ಬಿಡುವೇ ಇಲ್ಲ. ಬೂಜ್ ಎಂದರೆ ಕೊಚ್ಚಿದ ಕುರಿಮಾಂಸ ತುಂಬಿ ನೆರಿಗೆ ಹಿಡಿದ ಕಡುಬು. ಅದಿಲ್ಲದೆ ಬಿಳಿ ತಿಂಗಳ ಹಬ್ಬ ಯಾವ ಮನೆಯಲ್ಲೂ ನಡೆಯುವುದಿಲ್ಲ. ಅವರ ಬೇಲಿಯೊಳಗಿನ ಗುಡಾರದಲ್ಲಿ ನಾಲ್ಕು ಹೆಂಗಸರು ಕುಳಿತು ಮಡಚುತ್ತಾರೆ, ಖಂದ್ಮಾ ಹಿಟ್ಟು ಲಟ್ಟಿಸುತ್ತಾಳೆ. ತಟ್ಟೆಗಳನ್ನು ಅಂಗಳಕ್ಕೆ ಒಯ್ದಿಟ್ಟರೆ ಚಳಿಯೇ ಅರ್ಧ ಗಂಟೆಯಲ್ಲಿ ಅವನ್ನು ಬೆಣಚುಕಲ್ಲು ಮಾಡಿಕೊಡುತ್ತದೆ. ಸೋಲೊಂಗೊ ಅವನ್ನು ಪೆಟ್ಟಿಗೆಗಳಿಗೆ ತುಂಬಿ, ಜಪಾನಿನಿಂದ ಬಂದ ತನ್ನ ಹಳೆಯ ಬೆಳ್ಳಿಬಣ್ಣದ ಕಾರಿನಲ್ಲಿ ಕಚೇರಿಗಳಿಗೂ ಮನೆಗಳಿಗೂ ಮುಟ್ಟಿಸುತ್ತಾಳೆ. ಪ್ರತಿ ಬೆಳಿಗ್ಗೆ ಕಾರು ಹೊರಟಾಗ ಖಂದ್ಮಾ ದಾರಿ ಸುಗಮವಾಗಲೆಂದು ಅದರ ಹಿಂದೆ ಸೌಟಿನಿಂದ ಹಾಲು ಚಿಮುಕಿಸಿ ಒಳಗೆ ಬರುತ್ತಾಳೆ.

ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ವರ್ಷದ ಗಳಿಕೆಯ ಮುಕ್ಕಾಲು ಪಾಲು ಬರುವುದು ಆ ಹನ್ನೆರಡು ದಿನಗಳಲ್ಲೇ. ಅಂದು ಸಂಜೆ ಸೋಲೊಂಗೊ ಕಾರಿಲ್ಲದೆ, ಗುಡ್ಡದ ಬುಡದಿಂದ ನಡೆದು ಬಂದಳು. ರೆಪ್ಪೆಗಳ ಮೇಲೆ ಹಿಮ ಕಟ್ಟಿತ್ತು.

"ಕಾರೆಲ್ಲಿ?" ಎಂದಳು ಖಂದ್ಮಾ.

"ಪುರೇವಣ್ಣನ ಗ್ಯಾರೇಜಿನ ಅಂಗಳದಲ್ಲಿ!" ಸೋಲೊಂಗೊ ಕೂಗಿದಳು. "ಎಂಜಿನ್ ಹೋಯ್ತಂತೆ ಅಮ್ಮಾ! ಮೂರು ದಿನದಿಂದ ಕೆಳಗೆ ಟಕ್ ಟಕ್ ಅಂತಿತ್ತು. ಒಳಗಿನ ಬೇರಿಂಗ್ ಸವೆದಿದೆ, ಪೂರ್ತಿ ಇಳಿಸಿ ಬಿಚ್ಚಬೇಕು ಅಂತಾರೆ!"

"ಮೂರು ದಿನದಿಂದ? ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ನಿಂಗೆ ಕೇಳ್ಸುತ್ತಾ?"

ಮಡಚುತ್ತಿದ್ದ ಹೆಂಗಸರ ಕೈಗಳು ಒಂದು ಗಳಿಗೆ ನಿಂತವು. ಖಂದ್ಮಾ ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಲಟ್ಟಿಸತೊಡಗಿದಳು. ಒಲೆಯ ಪಕ್ಕ ಕುಳಿತು ಸೋಲೊಂಗೊ ಉಪ್ಪುಹಾಲಿನ ಚಹಾ ಕುಡಿದಳು. ಕುಡಿಯುತ್ತಲೇ ಉಳಿದದ್ದನ್ನು ಹೇಳಿದಳು: ಎಪ್ಪತ್ತು ಲಕ್ಷ ತುಗ್ರಿಕ್, ಹತ್ತು ದಿನ. ದುಡ್ಡಿಗಿಂತ ದಿನವೇ ಕೊಲ್ಲುತ್ತಿತ್ತು. ಕೂಡಿಟ್ಟದ್ದು ಹೋದರೆ ಮುಂದಿನ ವರ್ಷ ಮತ್ತೆ ಕೂಡಿಸಬಹುದು. ಹಬ್ಬ ಹತ್ತು ದಿನ ಕಾಯುವುದಿಲ್ಲ. ಒಪ್ಪಿಕೊಂಡ ನಾಲ್ಕು ಸಾವಿರ ಬೂಜ್‌ಗಳು ಅಂಗಳದಲ್ಲೇ ಉಳಿದರೆ ಬರುವ ವರ್ಷ ಇವರ ಬಾಗಿಲಿಗೆ ಯಾರು ಬಂದಾರು?

"ಬಿಚ್ಚದೇ ಓಡಿಸಿದ್ರೆ?" ಎಂದಳು ಒಬ್ಬಳು.

"ದಾರೀಲಿ ಎಂಜಿನ್ ಮುರಿದ್ರೆ ಕಾರು ಗುಜರಿಗೇ ಅಂದ್ರು. ಪುರೇವಣ್ಣ ಸುಮ್ಸುಮ್ನೆ ಹೇಳೋರಲ್ಲ."

ಕಷ್ಟವಿದ್ದದ್ದು ಅಲ್ಲೇ. ಪುರೇವ್ ಮೋಸಗಾರನಾಗಿದ್ದರೆ ನಿರ್ಧಾರ ಸುಲಭವಿತ್ತು. ಹತ್ತು ವರ್ಷಗಳಿಂದ ಈ ಗುಡ್ಡದ ಕಾರುಗಳನ್ನೆಲ್ಲ ಬದುಕಿಸಿದವನು ಅವನು, ಹಳೆಯ ಭಾಗ ಹಾಕಿ ಹೊಸದೆಂದು ಹೇಳಿದವನಲ್ಲ. ಬೆಳಿಗ್ಗೆ ಹೋಗಿ ಒಪ್ಪಿಗೆ ಕೊಡುವುದೆಂದು ಸೋಲೊಂಗೊ ನಿಶ್ಚಯಿಸಿದಳು.

"ನಾನೂ ಬರ್ತೀನಿ," ಎಂದಳು ಖಂದ್ಮಾ.

"ಮೈನಸ್ ಮೂವತ್ತೊಂದು ಇದೆ! ಅಲ್ಲಿ ಬಂದು ನೀನೇನು ಮಾಡ್ತೀಯಾ?"

"ಕೇಳ್ತೀನಿ," ಎಂದಳು ತಾಯಿ, ಹಿಟ್ಟಿನಿಂದ ಕಣ್ಣೆತ್ತದೆ.

ಮರುದಿನ ಇಬ್ಬರೂ ಗುಡ್ಡ ಇಳಿದರು. ಖಂದ್ಮಾಳ ನಿಲುವಂಗಿಯ ಎದೆಯೊಳಗೆ ಕೋಲಿತ್ತು, ಇನ್ನೂ ಹಿಟ್ಟಿನ ಪುಡಿ ಅಂಟಿಕೊಂಡಿದ್ದ ಕೋಲು.

ಗ್ಯಾರೇಜಿನೊಳಗೆ ಕಲ್ಲಿದ್ದಲ ಒಲೆ ಉರಿಯುತ್ತಿತ್ತು. ರಾತ್ರಿಯೆಲ್ಲ ಅಂಗಳದಲ್ಲಿ ನಿಂತಿದ್ದ ಕಾರನ್ನು ಈಗಷ್ಟೇ ಒಳಗೆ ತಂದು ನೆಲದ ಗುಂಡಿಯ ಮೇಲೆ ನಿಲ್ಲಿಸಿದ್ದರು. ಎಂಜಿನ್ ಎತ್ತುವ ಸರಪಳಿ ಅದರ ಮೇಲೆ ತೂಗುತ್ತಿತ್ತು. ಪುರೇವ್ ಸರಪಳಿ ನೋಡುತ್ತಾ ಹಿಂದಕ್ಕೆ ಸರಿದವನು ಸೋಲೊಂಗೊಳ ಪಾದ ತುಳಿದ. ತಕ್ಷಣ ಎಣ್ಣೆಗಪ್ಪಿನ ಕೈ ಚಾಚಿದ, ಅವಳು ಕೈ ಕುಲುಕಿದಳು. ಕಾಲು ತುಳಿದವರು ಕೈ ಕುಲುಕದೆ ಹೋದರೆ ಇಬ್ಬರ ನಡುವೆ ಮನಸ್ತಾಪ ಹುಟ್ಟುತ್ತದೆ. ಇಬ್ಬರೂ ಮಾತು ನಿಲ್ಲಿಸದೆಯೇ ಅದನ್ನು ಮುಗಿಸಿದರು.

"ಹ್ಞೂಂ ಅನ್ನು ತಂಗಿ, ಶುರು ಮಾಡ್ತೀನಿ. ಅಜ್ಜಿ ಅಲ್ಲಿ ಒಲೆ ಹತ್ರ ಕೂತ್ಕೊಳ್ಳಲಿ. ಚಹಾ ಕೊಡ್ರೋ ಅಜ್ಜಿಗೆ." ಆಮೇಲೆ ಖಂದ್ಮಾಳ ಕಿವಿಯ ಹತ್ತಿರ ಬಾಯಿ ತಂದು, "ಕೂತ್ಕೊಳ್ಳೀ ಅಜ್ಜೀ! ಇಲ್ಲಿ ಗಲಾಟೆ ಜಾಸ್ತೀ!" ಎಂದು ಕಿರುಚಿದ.

ಕೆಲಸದವರು ನಕ್ಕರು. ಖಂದ್ಮಾ ಒಂದು ಹೆಜ್ಜೆ ಹಿಂದೆ ಸರಿದು ಅವನ ಮುಖ ನೋಡಿದಳು.

"ಕೂಗಬೇಡ ತಮ್ಮಾ. ನನ್ನ ಕಡೆ ಮುಖ ಮಾಡಿ ಮಾತಾಡು, ಸಾಕು. ಕಾರಿನೊಳಗೆ ಎಣ್ಣೆಯ ಎಚ್ಚರಿಕೆ ದೀಪ ಹತ್ತುತ್ತಾ?"

ಪುರೇವ್ ಕಣ್ಣು ಕಿರಿದು ಮಾಡಿದ. "ಇಲ್ಲ."

"ಎಣ್ಣೆ ಬಸಿದು ನೋಡಿದ್ಯಾ? ಲೋಹದ ಪುಡಿ ಇತ್ತಾ?"

"ಬಸಿದಿಲ್ಲ. ಬಿಚ್ಚೋದೇ ಅಲ್ವಾ ಅಂತ."

"ಎಂಜಿನ್ ಬಿಸಿಯಾದ್ಮೇಲೆ ಬಡಿತ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?"

ಇದಕ್ಕೆ ಉತ್ತರ ಕೊಟ್ಟವಳು ಸೋಲೊಂಗೊ. "ಕಮ್ಮಿ ಆಗುತ್ತೆ. ನಿನ್ನೆ ಮಾಂಸದ ಮಾರ್ಕೆಟ್ಟಿನ ಬೆಚ್ಚನೆ ಪಾರ್ಕಿಂಗ್‌ನಲ್ಲಿ ಎರಡು ಗಂಟೆ ನಿಂತಿದ್ದಾಗ ಹೋಗೇಬಿಟ್ಟಿತ್ತು. ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯ್ತು."

"ಬೇರಿಂಗ್ ಸವೆದಿದ್ರೆ ಹಾಗಾಗಲ್ಲ," ಎಂದಳು ಖಂದ್ಮಾ. "ಬಿಸಿಗೆ ಎಣ್ಣೆ ತೆಳ್ಳಗಾಗಿ ಬಡಿತ ಏರಬೇಕು. ಹದಿನೈದು ನಿಮಿಷ ಕೊಡು ನಂಗೆ."

ಪುರೇವ್ ಸೋಲೊಂಗೊಳ ಕಡೆ ನೋಡಿದ. ಹೊರಗೆ ಇನ್ನೊಂದು ಕಾರಿನವನು ಜಾಗಕ್ಕಾಗಿ ಕಾಯುತ್ತಿದ್ದ. ಸೋಲೊಂಗೊ ತಾಯಿಯ ಕಡೆ ನೋಡಿದಳು. ಚಳಿಗೆ ಕೆಂಪಾದ ಕೆನ್ನೆ, ಎದೆಯೊಳಗಿಂದ ಹೊರಬರುತ್ತಿದ್ದ ಲಟ್ಟಣಿಗೆ. ಸೋಲೊಂಗೊಳ ಕಿವಿಯೂ ಕೆಂಪಾಯಿತು, ಅದು ಚಳಿಗಲ್ಲ.

"ಕೊಡಿ ಪುರೇವಣ್ಣ," ಎಂದಳು ಕೊನೆಗೆ. "ಹದಿನೈದು ನಿಮಿಷ."

"ಲಟ್ಟಣಿಗೆ ವೈದ್ಯ," ಎಂದು ಯಾರೋ ಗೊಣಗಿದ್ದು ಖಂದ್ಮಾಳಿಗೆ ಕೇಳಿಸಲಿಲ್ಲ.

ಎಂಜಿನ್ ಶುರುವಾಯಿತು. ಟಕ್, ಟಕ್, ಟಕ್. ಖಂದ್ಮಾ ಕೋಲಿನ ಹಳೆಯ ಹಲ್ಲುಗುರುತಿನ ಮೇಲೆಯೇ ಹಲ್ಲೂರಿ, ಇನ್ನೊಂದು ತುದಿಯನ್ನು ಎಂಜಿನ್ನಿನ ತಲೆಯ ಮೇಲಿಟ್ಟಳು. ಕಣ್ಣು ತಾನಾಗಿ ಮುಚ್ಚಿತು. ಹದಿನೇಳು ವರ್ಷಗಳ ನಂತರ ಯಾವುದೋ ಹಳೆಯ ಮನೆಯ ಬಾಗಿಲು ತೆರೆದ ಹಾಗೆ. ಗ್ಯಾರೇಜು ಇಲ್ಲವಾಯಿತು. ಮೇಲುಗಡೆ ಎಲ್ಲವೂ ಚೆನ್ನಾಗಿತ್ತು, ಹಿಂಡು ಮೇಯುವಾಗಿನ ಒಂದೇ ಸಮದ ಸದ್ದು. ಪಕ್ಕಕ್ಕೆ ಸರಿದಳು, ಅಲ್ಲೂ ಹಾಗೆಯೇ. ಎಂಜಿನ್ನಿನ ಮೈಯಲ್ಲಿ ಕೆಳಕೆಳಗೆ ಇಳಿದ ಹಾಗೆ ಬಡಿತ ಹತ್ತಿರವಾಯಿತು, ಆದರೆ ಒಳಗಿನಿಂದ ಬರಲಿಲ್ಲ. ಬಾಗಿಲು ಬಡಿಯುವವರು ಹೊರಗೇ ಇದ್ದರು.

ಅವಳು ಗುಂಡಿಯ ಮೆಟ್ಟಿಲಿಳಿದಳು. "ಅಜ್ಜೀ, ಜಾರುತ್ತೆ!" ಎಂದು ಪುರೇವ್ ತೋಳು ಹಿಡಿಯಲು ಬಂದ. ಅವಳು ಹಿಡಿಸಿಕೊಳ್ಳಲಿಲ್ಲ. ಕಾರಿನ ಹೊಟ್ಟೆಯ ಅಡಿಯಲ್ಲಿ, ಎಂಜಿನ್ನಿಗೆ ಕಲ್ಲು ತಾಗದಂತೆ ಹಾಕಿಸಿದ್ದ ಉಕ್ಕಿನ ತಗಡಿತ್ತು, ಕಪ್ಪು ಹಿಮದ ತುಂಬ. ಅದಕ್ಕೆ ಕೋಲಿಟ್ಟಳು.

ಬಡಿತ ನೇರ ನೆತ್ತಿಗೆ ಏರಿತು. ಲೋಹ ಲೋಹಕ್ಕೆ ಬಡಿಯುವ ಚುರುಕು ಅದರಲ್ಲಿರಲಿಲ್ಲ. ಮೊಂಡು, ತುಂಬಿದ, ನಡುವೆ ಏನೋ ಸಿಕ್ಕಿಕೊಂಡಿರುವ ಬಡಿತ. ಏನು ಸಿಕ್ಕಿಕೊಂಡಿದೆ ಎಂದು ತನ್ನನ್ನೇ ಕೇಳಿಕೊಂಡ ಗಳಿಗೆಯಲ್ಲೇ ಉತ್ತರ ಬಂತು. ಹಲ್ಲು ಕೋಲನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿತು.

ಡಿಸೆಂಬರಿನಲ್ಲಿ ಎರಡು ದಿನ ಬೆಳಿಗ್ಗೆ ಕಾರು ಶುರುವಾಗದೆ ಸೋಲೊಂಗೊ ಅತ್ತಿದ್ದಳು. ಎಂಜಿನ್ನಿನ ಮೇಲೆ ಹೊದಿಸಲು ಕುರಿಯುಣ್ಣೆ ಒತ್ತಿ ಮಾಡಿದ ದಪ್ಪ ಹಾಸನ್ನು ಎಲ್ಲರ ಹಾಗೆ ಅವರೂ ಇಟ್ಟುಕೊಂಡಿದ್ದರು. ಖಂದ್ಮಾಳಿಗೆ ಅದು ಸಾಲದೆನಿಸಿತು. ಮೇಲೆ ಹೊದಿಸಿ ಕೆಳಗೆ ಬರಿದೇ ಬಿಟ್ಟರೆ ಹೇಗೆ? ಗುಡಾರಕ್ಕೂ ನೆಲಹಾಸು ಬೇಡವೇ? ಉಳಿದ ಉಣ್ಣೆಹಾಸನ್ನು ಎರಡು ಮಡಿಕೆ ಮಾಡಿ, ಅಂಚಿಗೆ ಟಗರುಕೊಂಬಿನ ಚಿತ್ತಾರ ಹೊಲಿದು, ಮಗಳು ಮಲಗಿದ್ದ ಒಂದು ಮಧ್ಯಾಹ್ನ ಹಿಮದ ಮೇಲೆ ಬೆನ್ನು ಹಾಸಿ ಮಲಗಿ, ಅದನ್ನು ಆ ತಗಡಿನೊಳಗೆ ತುರುಕಿದ್ದಳು. ಹಿಮದ ಮೇಲೆ ಮಲಗಿದ್ದು ತಿಳಿದರೆ ಬೈಯುತ್ತಾಳೆಂದು ಮಗಳಿಗೆ ಹೇಳಿರಲಿಲ್ಲ. ಮಾರನೆಯ ದಿನದಿಂದ ಕಾರು ಒಂದೇ ತಿರುವಿಗೆ ಶುರುವಾಯಿತು. ಪ್ರತಿ ಬೆಳಿಗ್ಗೆ ಹಾಲು ಚಿಮುಕಿಸುವಾಗ ಅವಳು ಗುಟ್ಟಾಗಿ ಹೆಮ್ಮೆಪಟ್ಟಿದ್ದಳು. ಹೋದ ವಾರ ಎರಡು ದಿನ ಬಿಸಿಲು ಬಂದು ರಸ್ತೆಯ ಹಿಮವೆಲ್ಲ ಕೆಸರಾಗಿತ್ತು. ಉಣ್ಣೆ ಅದನ್ನು ಕುಡಿದಿರಬೇಕು. ಆಮೇಲೆ ಮತ್ತೆ ಚಳಿ.

ಗುಂಡಿಯೊಳಗೆ ಅವಳು ಕೋಲನ್ನು ಬಾಯಿಂದ ತೆಗೆದಳು. ತಗಡಿನಲ್ಲಿ ಹಿಮಗಟ್ಟಿದೆ, ಸುತ್ತಿಗೆಯಿಂದ ಬಡಿದು ಬೀಳಿಸಿ ಎಂದರೂ ನಡೆಯುತ್ತಿತ್ತು. ಕಪ್ಪು ಮುದ್ದೆಯೊಂದು ಬೀಳುತ್ತಿತ್ತು, ಯಾರೋ ಅದನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದರು. ಮೂವತ್ತೊಂದು ವರ್ಷದ ಹೆಸರು ಹಾಗೆಯೇ ಉಳಿಯುತ್ತಿತ್ತು. ಉಳಿಯುತ್ತಿತ್ತೇ? ಲುವ್ಸಾನ್ ಸತ್ತು ಎಷ್ಟು ಕಾಲವಾಗಿತ್ತು. ಆದರೂ ಗುಂಡಿಯ ಅಂಚಿನಲ್ಲಿ ಅವನೇ ಬಗ್ಗಿ ನೋಡುತ್ತಿರುವ ಹಾಗಿತ್ತು.

ಅವಳು ಮೇಲೆ ಬಂದಳು. ಬೆನ್ನು ನೆಟ್ಟಗೆ ಮಾಡಿದಳು.

"ಎಂಜಿನ್ ಚೆನ್ನಾಗಿದೆ. ಇನ್ನೂ ಐದು ವರ್ಷ ಓಡುತ್ತೆ. ಆ ತಗಡು ಬಿಚ್ಚು. ಒಳಗೆ ಉಣ್ಣೆಹಾಸು ಇದೆ, ಒದ್ದೆಯಾಗಿ ಹೆಪ್ಪುಗಟ್ಟಿದೆ. ಎಂಜಿನ್ ಅಲ್ಲಾಡಿದಾಗೆಲ್ಲ ಅದಕ್ಕೆ ಬಡೀತಿದೆ. ಅದನ್ನ ಇಟ್ಟವಳು ನಾನೇ."

ಸೋಲೊಂಗೊ ಕೂಗುವುದನ್ನೂ ಮರೆತಳು. "ಅಮ್ಮಾ, ನೀನಾ? ಕಾರಿನ ಕೆಳಗೆ? ನೀನು?"

"ಅರವತ್ತೇಳಾದ್ರೂ ಬೆನ್ನು ಗಟ್ಟಿಯಿದೆ."

ಪುರೇವ್ ತಲೆ ಕೆರೆದುಕೊಂಡ. "ಉಣ್ಣೆ ಇಂಥಾ ಸದ್ದು ಮಾಡುತ್ತಾ ಅಜ್ಜಿ? ನಾನು ಇಪ್ಪತ್ತು ವರ್ಷ ಇದೇ ಕೆಲಸದಲ್ಲಿದೀನಿ."

"ನಾನು ಅರವತ್ತು ವರ್ಷ ಉಣ್ಣೆಯಲ್ಲಿದೀನಿ ತಮ್ಮಾ. ಒದ್ದೆ ಉಣ್ಣೆ ಈ ಚಳಿಗೆ ಸಿಕ್ರೆ ಕೊಡಲೀನೇ ಮುರಿಯುತ್ತೆ."

"ತಗಡಿನ ಬೋಲ್ಟೆಲ್ಲ ತುಕ್ಕು ಹಿಡಿದಿದೆ. ಕತ್ತರಿಸ್ಬೇಕು. ಎಂಜಿನ್ನನ್ನ ನಾನು ಮೇಲಿಂದ ಎತ್ತೋನು, ನಂಗೆ ತಗಡು ತೆಗೆಯೋದು ಬೇಕಾಗಿಲ್ಲ. ಕತ್ತರಿಸಿದ್ಮೇಲೆ ಏನೂ ಇಲ್ಲ ಅಂದ್ರೆ?"

"ನೂರು ಬೂಜ್ ನಿನ್ನ ಮನೆಗೆ. ನಾನೇ ಲಟ್ಟಿಸಿದ್ದು."

"ಈ ಕೋಲಲ್ಲಾ?"

"ಇದೇ ಕೋಲಲ್ಲಿ."

ಈ ಸಲ ಎಲ್ಲರೂ ನಕ್ಕರು, ಖಂದ್ಮಾಳೂ. ಪುರೇವ್ ಕತ್ತರಿಸುವ ಯಂತ್ರ ಹಿಡಿದು ತಾನೇ ಗುಂಡಿಗಿಳಿದ. ಕಿಡಿಗಳು ಹಾರಿದವು. ಒಂದು, ಎರಡು, ಮೂರು ಬೋಲ್ಟು. ನಾಲ್ಕನೆಯದು ಕತ್ತರಿಸುವ ಮೊದಲೇ ತಗಡು ಬಾಗಿ, ಕುರಿಮರಿಯಷ್ಟು ದೊಡ್ಡ ಕಪ್ಪು ಗಡ್ಡೆಯೊಂದು ಗುಂಡಿಯ ಕಾಂಕ್ರೀಟಿಗೆ ಬಿತ್ತು. ಬಿದ್ದ ಸದ್ದು ಕಲ್ಲಿನದೇ. ಪುರೇವ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಒಲೆಯ ಪಕ್ಕ ತಂದಿಟ್ಟ. ಎಂಜಿನ್ನಿನ ಬುಡದ ಎಣ್ಣೆಪಾತ್ರೆಯ ತಳ ಬಡಿದು ಬಡಿದು ಅದರ ಮೇಲೊಂದು ನುಣುಪಾದ ಕುಳಿಯಾಗಿತ್ತು. ಮೆಲ್ಲಗೆ ಕರಗಿ, ಅಂಚಿನಲ್ಲಿ ಕೆಂಪು ನೂಲಿನ ಟಗರುಕೊಂಬು ಕಾಣಿಸಿತು.

"ಚಿತ್ತಾರ ಬೇರೆ ಹಾಕಿದೀರಲ್ಲ," ಎಂದ ಪುರೇವ್ ಮೆತ್ತಗೆ. "ಕಾರಿನ ಅಡಿಗೆ."

"ಹಾಕಿದ್ಮೇಲೆ ಚೆನ್ನಾಗೇ ಹಾಕ್ಬೇಕಲ್ವಾ?"

ಎಂಜಿನ್ ಮತ್ತೆ ಶುರುಮಾಡಿದರು. ಬಡಿತವಿರಲಿಲ್ಲ. ಪುರೇವ್ ವೇಗ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಎಣ್ಣೆಪಾತ್ರೆಯನ್ನು ದೀಪ ಹಿಡಿದು ನೋಡಿದ. ಸಣ್ಣ ತಗ್ಗೊಂದು ಬಿದ್ದಿತ್ತು, ಸೋರಿಕೆಯಿರಲಿಲ್ಲ. ಕೊಂಚ ಎಣ್ಣೆ ಬಸಿದು ಬಿಳಿ ಬಟ್ಟೆಯ ಮೇಲೆ ಹರಡಿದ. ಪುಡಿಯಿರಲಿಲ್ಲ. ಹೋಗಿ ಎಂಜಿನ್ ಎತ್ತುವ ಸರಪಳಿಯನ್ನು ಮೇಲಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿದ.

"ಒಂದ್ಸಲ ನಂಗೆ ಕೊಡು," ಎಂದಳು ಸೋಲೊಂಗೊ. ಖಂದ್ಮಾ ಕೋಲು ಕೊಟ್ಟಳು. ಮಗಳು ಅದನ್ನು ತಾಯಿಯ ಹಲ್ಲುಗುರುತಿನಲ್ಲೇ ಕಚ್ಚಿ ಎಂಜಿನ್ನಿಗೆ ಒತ್ತಿದಳು. ಅವಳ ಹುಬ್ಬು ಮೇಲೇರಿತು. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ತುಟಿಯ ಮೇಲೆ ಹಿಟ್ಟು ಅಂಟಿತ್ತು.

ಹೊರಡುವ ಮುನ್ನ ಪುರೇವ್ ಕೈ ಒರೆಸಿಕೊಂಡು ಬಂದು ಖಂದ್ಮಾಳ ಮುಂದೆ ಬಲಗೈ ಚಾಚಿದ.

"ಯಾಕೆ?" ಎಂದಳು ಅವಳು. "ನೀನು ನನ್ನ ಕಾಲು ತುಳಿದಿಲ್ಲವಲ್ಲ."

"ತುಳಿದೆ ಅಜ್ಜಿ. ಒಲೆ ಹತ್ರ ಕೂತ್ಕೊಳ್ಳಿ ಅಂದಾಗ." ಅವನು ಕೂಗಲಿಲ್ಲ. ಅವಳ ಕಡೆ ನೇರ ಮುಖ ಮಾಡಿ ಹೇಳಿದ.

ಖಂದ್ಮಾ ಅವನ ಕೈ ಕುಲುಕಿದಳು. "ನಾನೂ ನಿನ್ನ ಒಂದು ಕೆಲಸ ಕೆಡಿಸಿದೆ."

"ಕೆಡಿಸಿದ್ರಿ. ಬೋಲ್ಟಿನ ದುಡ್ಡು ಬೇಡ. ಆದ್ರೆ ಹಬ್ಬಕ್ಕೆ ಇನ್ನೂರು ಬೂಜ್ ನಮ್ಮನೆಗೆ, ದುಡ್ಡು ಕೊಟ್ಟೇ ತಗೋತೀನಿ. ಮತ್ತೆ, ಅಜ್ಜಿ..." ಅವನು ಮೂಲೆಯಲ್ಲಿ ನಿಂತಿದ್ದ ಹಸಿರು ಟ್ರಕ್ಕಿನ ಕಡೆ ಗದ್ದ ಎತ್ತಿ ತೋರಿಸಿದ. "ಅದೊಂದು ವಾರದಿಂದ ಕೊರಗ್ತಿದೆ. ಯಾವಾಗಾದ್ರೂ ಬಿಡುವಿದ್ದಾಗ..."

"ಹಬ್ಬ ಮುಗೀಲಿ," ಎಂದಳು ಖಂದ್ಮಾ. ಹಾಗೆಂದವಳ ಗದ್ದ ತಾನಾಗಿಯೇ ಒಂದು ಬೆರಳಿನಷ್ಟು ಮೇಲೇರಿತ್ತು.

ಕಾರು ಗುಡ್ಡ ಹತ್ತಿತು. ಓಣಿಯ ಹೊಗೆಕೊಳವೆಗಳು ನೇರ ಮೇಲಕ್ಕೆ ಹೊಗೆ ಬಿಡುತ್ತಿದ್ದವು. ಖಂದ್ಮಾ ಕೈಗವಸು ತೆಗೆದು ಸೀಟಿನ ಮುಂದಿನ ಹಲಗೆಯ ಮೇಲೆ ಅಂಗೈ ಇಟ್ಟಿದ್ದಳು. ಬಾಗಿಲ ಮುಂದೆ ಹೆಂಗಸರು ಆಗಲೇ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಕಾಯುತ್ತಿದ್ದರು. ಸೋಲೊಂಗೊ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ತಾಯಿಯ ಕಡೆಗೆ ಪೂರ್ತಿ ತಿರುಗಿ ಕುಳಿತಳು.

"ಹಬ್ಬದ ದಿನದವರೆಗೂ ಕಾಯೋದ್ಯಾಕೆ?" ಎಂದಳು, ಕೂಗದೆ, ಒಲೆಯ ಮುಂದೆ ಕುಳಿತವರ ದನಿಯಲ್ಲಿ. "ಆ ಪದಕ ಇವತ್ತೇ ಹಾಕ್ಕೋ ಅಮ್ಮಾ."

ತುಟಿಯ ಚಲನೆ ನೋಡುತ್ತಿದ್ದ ಖಂದ್ಮಾಳಿಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಹಿಟ್ಟು ಮೆತ್ತುತ್ತೆ," ಎಂದು ಅವಳು ಕೋಲು ಎತ್ತಿಕೊಂಡು ಇಳಿದಳು. ಲಟ್ಟಿಸುವುದು ಇನ್ನೂ ಸಾವಿರದ ಇನ್ನೂರು ಉಳಿದಿತ್ತು.